ಅಕ್ಕನ ಸೈಕಲ್ಲಿಗೆ ತುಕ್ಕು

ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಆರಂಭಿಸಿದ್ದು 2006-07ರಲ್ಲಿ. ಕೊರೊನಾ ಕಾಲದಲ್ಲಿ ವಿತರಣೆ ನಿಂತಾಗ ಕೋರ ಹೋಬಳಿಯಂಥ ಕಡೆ ಅಕ್ಕನ ಹಳೆಯ ಸೈಕಲ್ಲಿಗೆ ಬೆಲೆ ಬಂತು. ಹೊರಗೆಳೆದು ನೋಡಿದರೆ ರಿಮ್ಮಿನ ತುಂಬ ತುಕ್ಕು!

ಕಬ್ಬಿಣಕ್ಕೆ ನೀರು, ಆಮ್ಲಜನಕ ಎರಡೂ ತಗುಲಿದರೆ ತುಕ್ಕು. ತುಮಕೂರು ಒಣ ಸೀಮೆಯಲ್ಲವೇ ಎನ್ನಬಹುದು. ಆದರೆ ನೆನೆದ ಸೈಕಲ್ಲಿಗೆ ಹೊದಿಸಿದ ಗೋಣಿಚೀಲ ಮಳೆ ನಿಂತ ಮೇಲೂ ದಿನಗಟ್ಟಲೆ ತೇವ ಹಿಡಿದಿಡುತ್ತದೆ. ಮಳೆಗಿಂತ ಈ ಗೋಣಿಯೇ ಕೇಡು. ಮೊದಲು ಒಣಬಟ್ಟೆಯಿಂದ ಒರೆಸಿ, ಗಾಳಿಯಾಡುವ ಕಡೆ ನಿಲ್ಲಿಸಬೇಕು.

ರಿಮ್ಮಿನ ತೆಳು ತುಕ್ಕನ್ನು ಒದ್ದೆ ಮಾಡಿದ ಅಲ್ಯೂಮಿನಿಯಂ ಹಾಳೆಯ ಉಂಡೆಯಿಂದ ಉಜ್ಜಿ. ಅದು ಕ್ರೋಮಿಯಂ ಲೇಪಕ್ಕಿಂತ ಮೃದು, ಗೀರು ಬೀಳದು. ಹುಣಸೆಹಣ್ಣೂ ಆದೀತು, ತುಮಕೂರಿನಲ್ಲಿ ಅದಕ್ಕೇನು ಬರ? ಅದರ ಆಮ್ಲ ತುಕ್ಕನ್ನು ಕರಗಿಸುತ್ತದೆ. ತೊಳೆಯದೆ ಬಿಟ್ಟರೆ ಕಬ್ಬಿಣವನ್ನೂ ತಿನ್ನುತ್ತದೆ. ಆದ್ದರಿಂದ ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಬೇಕು.

ಚೈನಿನ ಕೊಂಡಿಗೊಂದು ಹನಿ ಎಣ್ಣೆ ಸಾಕು. ಹೆಚ್ಚಾದದ್ದನ್ನು ಒರೆಸದಿದ್ದರೆ ದೂಳು ಅಂಟಿ ಚೈನು ಸವೆಯುತ್ತದೆ. ರಿಮ್ಮಿಗೆ ಮಾತ್ರ ಎಣ್ಣೆ ಬೇಡ, ಬ್ರೇಕು ಹಿಡಿಯುವುದಿಲ್ಲ.

ಫ್ರೇಮಿನ ಬೆಸುಗೆಯ ಬಳಿ ತುಕ್ಕು ಗುಳಿ ತೋಡಿದ್ದರೆ ಬಣ್ಣ ಬಳಿದು ಮುಚ್ಚಬೇಡಿ. ತುಕ್ಕು ತನ್ನ ಕೆಳಗಿನ ಕಬ್ಬಿಣವನ್ನು ಕಾಯುವುದಿಲ್ಲ. ಒಳಗೆ ತಿನ್ನುತ್ತಲೇ ಇರುತ್ತದೆ. ಸೈಕಲ್ ರಿಪೇರಿಯವರಿಗೆ ತೋರಿಸಿ, ಆಮೇಲೆ ಮಗನನ್ನು ಹತ್ತಿಸಿ.