ನಾಲಗೆಯ ಬೇಲಿ

ಘೋಣಸಗಿ, ಟಿಕೋಟಾ, ಬಬಲೇಶ್ವರ ಸೀಮೆಯಲ್ಲಿ ಜಾತ್ರೆಯೆಂದರೆ ರಾತ್ರಿ ನಾಟಕ. ಮರುದಿನ ಕಟ್ಟೆಯ ಮೇಲೆ ಹಿರಿಯರ ದೂರು: "ಹೆಣ್ಣುಮಕ್ಕಳ ಕೂಡ ಕೂತು ಕೇಳುವ ಮಾತೇನ್ರಿ ಅವು? ಸರಕಾರ ನಾಟಕಾನೇ ಬಂದ್ ಮಾಡಬೇಕು."

ದೂರು ಸುಳ್ಳಲ್ಲ. ಎರಡರ್ಥದ ಮಾತು ಮಿತಿಮೀರಿದ್ದನ್ನು ನಾವೂ ಕೇಳಿದ್ದೇವೆ. ಆದರೆ ಬಂದ್ ಮಾಡುವುದು ಅಷ್ಟು ಸುಲಭವೇ? ಸಂವಿಧಾನದ 19ನೆಯ ಅನುಚ್ಛೇದವು ಮಾತಿನ ಸ್ವಾತಂತ್ರ್ಯ ಕೊಟ್ಟು, ಸಭ್ಯತೆ ಮತ್ತು ನೈತಿಕತೆಯ ಸಲುವಾಗಿ ನ್ಯಾಯವಾದ ನಿರ್ಬಂಧಕ್ಕೂ ಎಡೆ ಇಟ್ಟಿದೆ. ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲ ಹಾಡು, ಮಾತುಗಳಿಂದ ಇತರರಿಗೆ ಕಿರಿಕಿರಿ ಮಾಡಿದರೆ 3 ತಿಂಗಳವರೆಗೆ ಸಜೆಯುಂಟು. ಹಿಂದೆ ಅದು ದಂಡ ಸಂಹಿತೆಯ 294ನೆಯ ಕಲಂ; 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 296ನೆಯ ಕಲಂ.

ಅಶ್ಲೀಲ ಯಾವುದೆಂಬುದೇ ತೊಡಕು. 1964ರಲ್ಲಿ ಇಂಗ್ಲಿಷ್ ಕಾದಂಬರಿಯೊಂದನ್ನು ಮಾರಿದ ಮುಂಬಯಿಯ ಪುಸ್ತಕ ವ್ಯಾಪಾರಿ ರಂಜಿತ್ ಉದೇಶಿಯವರ ಶಿಕ್ಷೆಯನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಕೆಡುವ ಮನಸ್ಸು ಓದಿದರೆ ಕೆಟ್ಟೀತೇ ಎಂಬುದು ಆಗಿನ ಅಳತೆ. ಅದು ಬ್ರಿಟಿಷರಿಂದ ಬಂದದ್ದು. 2014ರಲ್ಲಿ ಅದೇ ಕೋರ್ಟು ಆ ಅಳತೆಗೋಲನ್ನು ಬದಿಗಿಟ್ಟಿತು. ಟೆನಿಸ್ ಆಟಗಾರ ಬೋರಿಸ್ ಬೆಕರ್ ತನ್ನ ಭಾವೀ ಪತ್ನಿಯೊಡನೆ ಬಟ್ಟೆಯಿಲ್ಲದೆ ನಿಂತ ಚಿತ್ರ 1993ರಲ್ಲಿ ಕಲಕತ್ತೆಯ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಆತ ಬಿಳಿಯ, ಆಕೆ ಕಪ್ಪು ವರ್ಣದವಳು. ವರ್ಣದ್ವೇಷ ಬೇಡವೆಂಬುದು ಚಿತ್ರದ ಮಾತು. ಬತ್ತಲೆಯಾದ ಮಾತ್ರಕ್ಕೆ ಅಶ್ಲೀಲವಲ್ಲ, ಇಡೀ ಚಿತ್ರದ ಆಶಯವನ್ನೂ ಈಗಿನ ಸಮಾಜದ ರೂಢಿಯನ್ನೂ ನೋಡಬೇಕು ಎಂದಿತು ಕೋರ್ಟು. ಇಪ್ಪತ್ತು ವರ್ಷ ಎಳೆದ ಮೊಕದ್ದಮೆ ಅಲ್ಲಿಗೆ ಮುಗಿಯಿತು.

ನಮಗಿದು ಹೊಸ ಮಾತೇ? ಉಟ್ಟದ್ದನ್ನು ಬಿಟ್ಟು ಕೂದಲನ್ನೇ ಹೊದ್ದು ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅನುಭವ ಮಂಟಪ ಹೊರಗಟ್ಟಲಿಲ್ಲ. ಅಲ್ಲಮಪ್ರಭುಗಳು ನಿಷ್ಠುರವಾಗಿ ಪ್ರಶ್ನಿಸಿದರು, ಆಕೆ ಉತ್ತರಿಸಿದಳು, ಶರಣರು ಕೈಮುಗಿದರು. ಬಟ್ಟೆಯನ್ನಷ್ಟೇ ಕಂಡಿದ್ದರೆ ಅಕ್ಕನನ್ನು ನಾವು ಕಳೆದುಕೊಳ್ಳುತ್ತಿದ್ದೆವು. ವಿಜಯಪುರದಲ್ಲಿ ಕೂತು ವಚನಗಳ ತಾಡೋಲೆ ಹುಡುಕಿದ ಫ.ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರು ಎಂಬುದು ಇಲ್ಲಿ ನೆನಪಾಗುತ್ತದೆ.

ಹಾಗೆಂದು ಅಕ್ಕನ ಹೆಸರು ಹೇಳಿ ಹೊಲಸು ಮಾತಿಗೆ ರಕ್ಷಣೆ ಕೇಳುವುದು ಸಲ್ಲದು. ಅಲ್ಲಿ ಆಶಯವಿತ್ತು, ಇಲ್ಲಿ ಗಲ್ಲಾಪೆಟ್ಟಿಗೆ ಇದೆ. ಪೊಲೀಸರನ್ನು ಕರೆಯುವ ಮೊದಲು, ಸಂಚಗಾರ ಕೊಡುವ ದಿನವೇ ಊರ ಹಿರಿಯರು ಕಂಪನಿಯ ಮಾಲಕರಿಗೆ ಬಾಯಿಬಿಟ್ಟು ಹೇಳಬಾರದೇ? ಒಬ್ಬ ಮಾಲಕರು ನಮಗೆ ಹೇಳಿದ್ದಿಷ್ಟು: "ಬುದ್ಧೀ, ಒಳ್ಳೆ ಮಾತಿಗೆ ಮುಂದಿನ ಸಾಲು ಆಕಳಿಸತೈತಿ, ಅಂಥ ಮಾತಿಗೆ ಸಿಳ್ಳೆ ಹೊಡೀತೈತಿ. ಮುಂದಿನ ಸಾಲಿನಾಗ ಕೂರೋರು ಯಾರು, ನೀವೇ ನೋಡ್ರಿ."