ಮರಳಿನ ಮುಂದೆ ಮಂಡಿಯೂರಿದ ಹರಳು

ಸಿನಿಮಾದಲ್ಲಿ ಹೆಲಿಕಾಪ್ಟರ್ ಮರಳುಗಾಡಿಗೆ ಇಳಿಯುವಾಗ ಏಳುವ ದೂಳು ನೋಡಿ ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ. ಆ ದೂಳು ಎಂಜಿನ್ ಒಳಗೂ ನುಗ್ಗಿ ಟೈಟಾನಿಯಂ ಬ್ಲೇಡುಗಳ ಅಂಚನ್ನೇ ತಿನ್ನುತ್ತದೆಂದು ಗೊತ್ತಾಗಿದ್ದು ಕೊನೆಯ ವರ್ಷದ ಪ್ರಾಜೆಕ್ಟ್ ಹೆಗಲೇರಿದಾಗ. ಕೇರಳದ ಚವರದಲ್ಲಿ ಕಡಲ ಮರಳಿನಿಂದಲೇ ತೆಗೆಯುವ ಲೋಹ ಇದು. ಅದನ್ನು ಮರಳೇ ಸವೆಸುವುದು ತಮಾಷೆಯಲ್ಲವೇ?

ನಮಗೆ ಸಿಕ್ಕಿದ್ದು ನೂರಕ್ಕೆ 6 ಭಾಗ ಅಲ್ಯೂಮಿನಿಯಂ, 4 ಭಾಗ ವನಾಡಿಯಂ ಬೆರೆತ ಟೈಟಾನಿಯಂ ತುಂಡುಗಳು. ಪಾಲಿಶ್ ಮಾಡಿ, ಆಸಿಡ್ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಲೋಹದೊಳಗಿನ ಹರಳುಗಳು ಕಾಣುತ್ತವೆ. ಸಾದಾ ತುಂಡಿನಲ್ಲಿ ಅವು ಸಬ್ಬಕ್ಕಿ ಹರಡಿದಂತೆ ದುಂಡಗಿದ್ದವು. ಇನ್ನೊಂದನ್ನು 1000 ಡಿಗ್ರಿ ದಾಟಿಸಿ ಕಾಯಿಸಿ ನೀರಿಗೆ ಅದ್ದಿದೆವು. ಅದರ ತುಂಬ ಸೂಜಿ ಚೆಲ್ಲಿದ ಹಾಗೆ ಹರಳು! ಗಡಸುತನದಲ್ಲಿ ಸೂಜಿಯದ್ದೇ ಮೇಲುಗೈ. ಗೆಲ್ಲೋದು ಇದೇ ಎಂದು ಗೆಳೆಯನ ಜೊತೆ ಮಸಾಲೆದೋಸೆ ಬೆಟ್ ಕಟ್ಟಿದೆ.

ಗಾಳಿಯೊಂದಿಗೆ ಅಲ್ಯೂಮಿನಾ ಪುಡಿ ಊದುವುದು, ಮೊದಲೂ ಆಮೇಲೂ ತೂಗುವುದು, ಕೆಲಸ ಇಷ್ಟೇ. ಪುಡಿ 30 ಡಿಗ್ರಿ ಓರೆಯಲ್ಲಿ ಬಡಿದಾಗ ಎರಡೂ ಹೆಚ್ಚುಕಡಿಮೆ ಒಂದೇ ಸಮ ಸವೆದವು. ನೇರ ಬಡಿದಾಗ ಗಟ್ಟಿ ತುಂಡೇ ಹೆಚ್ಚು ತೂಕ ಕಳೆದುಕೊಂಡಿತು. ವೈವಾಕ್ಕೆ ಹತ್ತೇ ದಿನ. 'ಎರಡು ಅಂಕಿ ಅದಲುಬದಲು ಮಾಡು, ಯಾರಿಗೆ ಗೊತ್ತಾಗುತ್ತೆ?' ಎಂದ, ದೋಸೆ ಗೆದ್ದವನೇ! ಆಸೆಯಾಯಿತು, ಸುಳ್ಳು ಹೇಳಲಾರೆ. ಪೆನ್ನೂ ಕೈಯಲ್ಲಿತ್ತು.

ಅಂಕಿ ನೋಡಿದ ಮೇಡಂ ಕೇಳಿದ್ದು ಒಂದೇ ಮಾತು: 'ಕುಲುಮೆಯಲ್ಲಿ ಗಾಳಿ ಇತ್ತಲ್ವಾ?' ಕಾದ ಟೈಟಾನಿಯಂ ಆಮ್ಲಜನಕ ಹೀರಿಕೊಳ್ಳುತ್ತದೆ, ಮೇಲ್ಪದರ ಪೆಡಸಾಗುತ್ತದೆ. ನಾವು ಅದನ್ನು ಸರಿಯಾಗಿ ಉಜ್ಜಿ ತೆಗೆದಿರಲಿಲ್ಲ. ಉಜ್ಜಿ, ಮತ್ತೆ ಊದಿ, ಮತ್ತೆ ತೂಗಿದೆವು. ಅಂತರ ತಗ್ಗಿತು, ಆದರೆ ಪೂರ್ತಿ ಹೋಗಲಿಲ್ಲ.

ಪ್ರತಿ ಕಣ ಬಡಿದಾಗಲೂ ಲೋಹ ತುಸು ಜರುಗಿ, ಗುಳಿಯ ಅಂಚಿನಲ್ಲಿ ಒತ್ತರಿಸಿ ನಿಲ್ಲುತ್ತದೆ. ಮೇಲಿಂದ ಮೇಲೆ ಏಟು ಬಿದ್ದಾಗ ಆ ಅಂಚು ಕಿತ್ತುಬರುತ್ತದೆ. ದುಂಡು ಹರಳಿನ ಲೋಹ ಮುರಿಯುವ ಮುನ್ನ ಹೆಚ್ಚು ಬಾಗುತ್ತದೆ, ಸೂಜಿ ಹರಳಿನದ್ದು ಬೇಗ ಬಿರಿಯುತ್ತದೆ. ಕಾಯಿಸಿ ಗಡಸು ಮಾಡಿದ ಮಾತ್ರಕ್ಕೆ ಲೋಹ ಮರಳಿನ ಏಟಿಗೆ ಹೆಚ್ಚು ಬಾಳುವುದಿಲ್ಲವೆಂದು ಇಯಾನ್ ಫಿನ್ನಿ ಎಂಬ ತಜ್ಞರು 1960ರ ದಶಕದಲ್ಲೇ ಬರೆದಿದ್ದರು. ನಾವು ಓದಿದ್ದು ಆಮೇಲೆ! ಹೆಲಿಕಾಪ್ಟರ್ ಎಂಜಿನ್ನಿನ ಬಾಯಿಗೆ ದೂಳು ಬೇರ್ಪಡಿಸುವ ಸಾಧನ, ಬ್ಲೇಡಿಗೆ ಟೈಟಾನಿಯಂ ನೈಟ್ರೈಡ್ ಲೇಪನ ಯಾಕೆಂದು ಆಗ ಹೊಳೆಯಿತು.

ವೈವಾದಲ್ಲಿ ಪರೀಕ್ಷಕರು ಮೊದಲು ಬೆರಳಿಟ್ಟಿದ್ದು ಆ ಎರಡು ಅಂಕಿಗಳ ಮೇಲೆಯೇ. ಇಪ್ಪತ್ತು ನಿಮಿಷ ಬೇರೇನೂ ಕೇಳಲಿಲ್ಲ. ಹೊರಬಂದು ದೋಸೆಯ ದುಡ್ಡು ಕೊಟ್ಟೆ.