ತಮ್ಮನ ಮೂರು ಅಕ್ಕರೆಗಳು

ಮನುಷ್ಯನ ಗುಣವನ್ನು ಅವನ ಮಾತಿಗಿಂತ ಅವನು ಹಚ್ಚಿಕೊಂಡ ವಸ್ತುಗಳೇ ಚೆನ್ನಾಗಿ ಹೇಳುತ್ತವೆ. ನನ್ನ ತಮ್ಮನು ಹಚ್ಚಿಕೊಂಡವು ಮೂರು: ಸೈಕಲ್ಲು, ನಾಯಿ, ರಾಕ್ ಸಂಗೀತ. 2021ರ ಬೇಸಿಗೆಯಲ್ಲಿ, ಕೊರೋನಾದ ಎರಡನೆಯ ಅಲೆಯಲ್ಲಿ, ಅವನು ತೀರಿಕೊಂಡನು. ಮೂರರಲ್ಲಿ ಎರಡನ್ನು ನಾನು ಮೆಚ್ಚಿದ್ದೆ; ಮೂರನೆಯದನ್ನು ಅರಿಯುವ ಗೋಜಿಗೇ ಹೋಗಿರಲಿಲ್ಲ. ಈ ಬರಹಕ್ಕೆ ಅದೇ ಕಾರಣ.

ವಿಜಯಪುರದ ಬಯಲು ಸೈಕಲ್ ಸವಾರರನ್ನು ಬೆಳೆಸಿದ ನೆಲ. ತಮ್ಮನು ಪದಕ ಗೆದ್ದವನಲ್ಲ. ಆದರೂ ನಸುಕಿನಲ್ಲೆದ್ದು, ತೊರವೆಯನ್ನು ದಾಟಿ ತಿಕೋಟಾದವರೆಗೆ ಹೋಗಿ, ದ್ರಾಕ್ಷಿಯ ತೋಟಗಳ ಬಳಿ ಗಳಿಗೆ ನಿಂತು, ಬಿಸಿಲೇರುವ ಮುನ್ನ ಮರಳುತ್ತಿದ್ದನು. ಕೆಲವು ದಿನ ಬಬಲೇಶ್ವರದ ಹಾದಿ. “ಎದುರುಗಾಳಿ ಇದ್ದ ದಿನಾನ ಖರೇ ಸವಾರಿ, ಅಣ್ಣಾ” ಎನ್ನುತ್ತಿದ್ದನು. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವರೆದುರು ನಿಂತನೆಂದರೆ ಊಟದ ಪರಿವೆಯೇ ಇರುತ್ತಿರಲಿಲ್ಲ.

ಎರಡನೆಯ ಅಕ್ಕರೆ ಮುಧೋಳದ ಬೇಟೆನಾಯಿ. ನೀಳ ಮುಖ, ಒಳಸೇರಿದ ಹೊಟ್ಟೆ, ಬಾಣದಂಥ ಓಟ. 2005ರಲ್ಲಿ ಅಂಚೆ ಇಲಾಖೆಯು ಹೊರತಂದ ನಾಯಿಗಳ ಅಂಚೆಚೀಟಿಗಳಲ್ಲಿ ಈ ತಳಿಗೂ ಸ್ಥಾನ ದೊರಕಿತು. ಆ ಚೀಟಿಯನ್ನು ತಮ್ಮನು ತನ್ನ ಪಾಕೀಟಿನಲ್ಲಿ, ದೇವರ ಪಟದ ಪಕ್ಕದಲ್ಲಿ, ಇರಿಸಿಕೊಂಡಿದ್ದನು.

ಮೂರನೆಯದೇ ನಮ್ಮಿಬ್ಬರ ನಡುವಣ ಗೋಡೆ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ತಂಡವು ಭಾರತದಲ್ಲಿ ಮೊದಲ ಬಾರಿಗೆ ಹಾಡಿತು. ಮನೆಯಲ್ಲಿ ಹೇಳದೆ ರಾತ್ರಿಯ ಬಸ್ಸು ಹತ್ತಿ ಹೋದ ತಮ್ಮನು ಮರಳಿದಾಗ ಅವನ ಗಂಟಲು ಕಟ್ಟಿತ್ತು, ಕಣ್ಣು ಹೊಳೆಯುತ್ತಿತ್ತು. ಆಗತಾನೆ ಅಧ್ಯಾಪಕನಾಗಿದ್ದ ನಾನು, “ಕಿರಚುವುದನ್ನು ಕೇಳಲು ಅಷ್ಟು ದೂರ ಹೋಗಬೇಕೆ?” ಎಂದು ಗದರಿದೆ. ಅವನು ಸಿಟ್ಟಾಗಲಿಲ್ಲ. “ಅಣ್ಣಾ, ಇದರ ಬೇರು ಹತ್ತಿ ಹೊಲದಾಗ ದುಡದವರ ಹಾಡಿನಾಗ ಐತಿ. ಒಮ್ಮೆ ಕುಂತು ಕೇಳು” ಎಂದಷ್ಟೇ ಅಂದನು. ನಾನು ಕುಳಿತುಕೊಳ್ಳಲಿಲ್ಲ.

ಅವನ ಮಾತು ನಿಜವಾಗಿತ್ತು. ಅಮೆರಿಕದ ದಕ್ಷಿಣ ಸೀಮೆಯ ಹತ್ತಿಯ ಹೊಲಗಳಲ್ಲಿ ಗುಲಾಮರಾಗಿ ದುಡಿದ ಕಪ್ಪು ಜನರ ಮಕ್ಕಳು, ಮೊಮ್ಮಕ್ಕಳು ತಮ್ಮ ಅಳಲನ್ನು ಬ್ಲೂಸ್ ಎಂಬ ಹಾಡಾಗಿ ಹಾಡಿದರು. 1950ರ ದಶಕದಲ್ಲಿ ರೂಪುಗೊಂಡ ರಾಕ್ ಸಂಗೀತದ ತಾಯಿಬೇರುಗಳಲ್ಲಿ ಅದೂ ಒಂದು. ಎರೆಹೊಲದಲ್ಲಿ ಹತ್ತಿ ಬಿಡಿಸುವ ನಮ್ಮ ಹೆಂಗಸರ ಹಾಡನ್ನು ಜಾನಪದವೆಂದು ಪಾಠ ಹೇಳುವ ನನಗೆ ಈ ನಂಟು ಹೊಳೆಯದೆ ಹೋಯಿತು.

ಇನ್ನೊಂದು ವಿಪರ್ಯಾಸವುಂಟು. 1580ರಿಂದ 1627ರವರೆಗೆ ಈ ಊರನ್ನು ಆಳಿದ ಎರಡನೆಯ ಇಬ್ರಾಹಿಂ ಆದಿಲ್ ಶಾಹನನ್ನು ನಾನು ತರಗತಿಯಲ್ಲಿ ಮನಸಾರೆ ಹೊಗಳುತ್ತಿದ್ದೆ. ದಖನಿ ಭಾಷೆಯಲ್ಲಿ ‘ಕಿತಾಬ್-ಎ-ನವರಸ್’ ರಚಿಸಿ, ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದ ಅರಸನಾತ. ತನ್ನ ಆನೆ ಆತಶ್ ಖಾನನನ್ನೂ ತಂಬೂರಿ ಮೋತಿ ಖಾನನನ್ನೂ ಜೀವದ ಗೆಳೆಯರಂತೆ ಕಂಡವನು. ಪ್ರಾಣಿಯೊಂದಕ್ಕೂ ನಾದಕ್ಕೂ ಮನಸೋತ ಅರಸನನ್ನು ಕಾಲೇಜಿನಲ್ಲಿ ಕೊಂಡಾಡಿ, ಅದೇ ಗುಣದ ತಮ್ಮನನ್ನು ಮನೆಯಲ್ಲಿ ಗದರಿದವನು ನಾನು. ನಾನೂರು ವರ್ಷ ದೂರದವನು ಅರ್ಥವಾದನು. ಒಂದೇ ಸೂರಿನಡಿಯವನು ಅರ್ಥವಾಗಲಿಲ್ಲ.

ಅವನು ಹೋದಮೇಲೆ, ಅವನ ಕೋಣೆಯಲ್ಲಿ ಕುಳಿತು ಆ ಹಾಡುಗಳನ್ನು ಕೇಳಿದೆ. ಎಲ್ಲವೂ ರುಚಿಸಿದವೆಂದರೆ ಸುಳ್ಳಾದೀತು. ಆದರೆ ಅಬ್ಬರದ ಒಳಗೊಂದು ಅಳಲಿದೆಯೆಂದು ತಿಳಿಯಿತು. ಬಾಗಿಲಲ್ಲಿ ಮಲಗಿದ್ದ ನಾಯಿ ಪರಿಚಿತ ನಾದಕ್ಕೆ ಕಿವಿ ನಿಮಿರಿಸಿ ಒಳಗೆ ಬಂದು, ಖಾಲಿ ಮಂಚವನ್ನು ಮೂಸಿ, ನನ್ನ ಕಾಲ ಬಳಿ ಕುಳಿತಿತು.

ಚಿಕ್ಕಂದಿನಲ್ಲಿ ನಾವಿಬ್ಬರೂ ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಎದುರುಬದುರು ನಿಲ್ಲುತ್ತಿದ್ದೆವು. ಅವನು ಆಚೆಯಿಂದ ಮೆಲ್ಲಗೆ “ಅಣ್ಣಾ” ಎಂದರೆ, ಗೋಡೆಗೆ ಕಿವಿಯಿಟ್ಟ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಪಿಸುಮಾತನ್ನು ಕೇಳಿಸುವ ಚಮತ್ಕಾರ ಗುಮ್ಮಟದ್ದು. ಕಿವಿಯಿಡುವ ಕೆಲಸ ಮಾತ್ರ ನಮ್ಮದು. ನಮ್ಮ ಮನೆಯ ಎಳೆಯರು ನಮಗೆ ತಿಳಿಯದ ಹಾಡೊಂದನ್ನು ಕೇಳುತ್ತಿದ್ದರೆ, ಗದರುವ ಮುನ್ನ ಒಂದು ಗಳಿಗೆ ಅವರ ಪಕ್ಕದಲ್ಲಿ ಕುಳಿತುಕೊಳ್ಳಬಹುದಲ್ಲವೆ?